ಎರಡು ಸಲ ತುಂಡಾದ ಕೇಬಲ್: ಭಾವನ ಬೈಕಿನ ಸ್ಪೀಡೋಮೀಟರ್ ಪ್ರಕರಣ

ನಮ್ಮ ಭಾವ 2017ರಲ್ಲಿ ಬೈಕ್ ಕೊಂಡ ದಿನದಿಂದ ಒಂದು ಡೈರಿ ಇಟ್ಟಿದ್ದಾರೆ. ಪೆಟ್ರೋಲ್ ಹಾಕಿಸಿದಾಗಲೆಲ್ಲ ತಾರೀಖು, ಲೀಟರ್, ಮೀಟರ್ ತೋರಿಸುವ ಕಿಲೋಮೀಟರ್ ಬರೆಯುತ್ತಾರೆ. ಪಂಕ್ಚರ್ ಹಾಕಿಸಿದ್ದು, ಆಯಿಲ್ ಬದಲಿಸಿದ್ದು, ಚೈನ್ ಬಿಗಿ ಮಾಡಿಸಿದ್ದು ಎಲ್ಲ ಅದರಲ್ಲಿದೆ. 2023ರ ಆಗಸ್ಟ್ ಪುಟದಲ್ಲಿ 41,386 ಎಂಬ ಅಂಕಿ ಒಂದರ ಕೆಳಗೊಂದು ಮೂರು ಸಲ ಇದೆ. ಬೈಕ್ ದಿನಾ ಓಡುತ್ತಿತ್ತು, ಮೀಟರ್ ಮಾತ್ರ ನಿಂತಿತ್ತು.

ಬೈಕ್ 100 ಸಿಸಿಯದು. ಮುಂದೆ ಡ್ರಮ್ ಬ್ರೇಕ್, ಕೇಬಲ್‌ನಿಂದ ಓಡುವ ಮುಳ್ಳಿನ ಮೀಟರ್. ಭಾವ ಬೆಂಗಳೂರಿನ ನಾಗರಭಾವಿಯಿಂದ ಪೀಣ್ಯ ಎರಡನೇ ಹಂತದ ಕಾರ್ಖಾನೆಗೆ ರಿಂಗ್ ರೋಡ್ ಹಿಡಿದು ಸುಮನಹಳ್ಳಿ, ಲಗ್ಗೆರೆ ಮೇಲೆ ಹೋಗುತ್ತಾರೆ. ಹೋಗಿ ಬರಲು ದಿನಕ್ಕೆ ಸುಮಾರು 26 ಕಿಲೋಮೀಟರ್. ನಾನೂ ಪೀಣ್ಯದಲ್ಲೇ ಫಿಟ್ಟರ್. ಗ್ಯಾರೇಜ್ ಇಟ್ಟವನಲ್ಲ, ಆದರೆ ತಿರುಗುವ ಸಾಮಾನುಗಳ ಜೊತೆ ಹದಿನೈದು ವರ್ಷ ಕಳೆದಿದ್ದೇನೆ.

ನನ್ನ ಹತ್ತಿರ ಬರುವ ಹೊತ್ತಿಗೆ ಇಬ್ಬರು ಮೆಕ್ಯಾನಿಕ್‌ಗಳು ಬೈಕ್ ನೋಡಿ ಆಗಿತ್ತು. ಮೊದಲನೆಯವರು ಮುಳ್ಳು ಸೊನ್ನೆಯಲ್ಲಿರುವುದನ್ನು ನೋಡಿ, "ಮೀಟರ್ ಹೋಗಿದೆ ಸಾರ್, ಫುಲ್ ಸೆಟ್ ಹೊಸದು ಹಾಕ್ಬೇಕು" ಅಂದರು. ಭಾವ ಒಪ್ಪಲಿಲ್ಲ. ಹೊಸ ಮೀಟರ್ ಸೊನ್ನೆಯಿಂದ ಶುರುವಾಗುತ್ತದೆ. ಆರು ವರ್ಷದ ಲೆಕ್ಕ ಅಲ್ಲಿಗೆ ಕಡಿದುಹೋಗುತ್ತದೆ. ಎರಡನೆಯವರು ಕೇಬಲ್ ಎಳೆದು ನೋಡಿದರು. ತುಂಡಾಗಿತ್ತು. ಹೊಸದು ಹಾಕಿದರು. ಮುಳ್ಳು ಎದ್ದಿತು, ಕಿಲೋಮೀಟರ್ ಓಡಿತು. ಭಾವನಿಗೆ ಖುಷಿ. ಹತ್ತೊಂಬತ್ತನೇ ದಿನ ಲಗ್ಗೆರೆ ಹತ್ತಿರ ಮೀಟರ್ ಕೆಳಗೆ ಟಿಕ್ ಟಿಕ್ ಅಂತ ಶಬ್ದ ಬಂತು. ಮುಳ್ಳು ಮೂವತ್ತು ಐವತ್ತರ ನಡುವೆ ಕುಣಿಯಿತು. ಆಮೇಲೆ ಸೊನ್ನೆಗೆ ಬಿತ್ತು. ಡೈರಿಯಲ್ಲಿ 41,824.

ಈ ಹಂತದಲ್ಲಿ ಹೆಚ್ಚಿನವರು ಹೇಳುವುದು ಒಂದೇ: ಕೇಬಲ್ ಡೂಪ್ಲಿಕೇಟ್ ಇರಬೇಕು, ಇನ್ನೊಂದು ಹಾಕಿ. ಭಾವನೂ ಅದನ್ನೇ ಹೇಳಿದರು. ನನಗೆ ಸಮಾಧಾನ ಆಗಲಿಲ್ಲ. ಮೊದಲ ಕೇಬಲ್ ಆರು ವರ್ಷ ಬಂದಿತ್ತು. ಎರಡನೆಯದು ಮೂರು ವಾರವೂ ಬರಲಿಲ್ಲ. ಏನೋ ಒಂದು ಅದನ್ನು ಮುರಿಯುತ್ತಿದೆ. ಅದು ಏನು ಅಂತ ಗೊತ್ತಾಗದೆ ಮೂರನೇ ಕೇಬಲ್ ಹಾಕಿದರೆ ಅದನ್ನೂ ಬಲಿ ಕೊಟ್ಟ ಹಾಗೆ.

ಮುಂದಿನದು ಅರ್ಥವಾಗಬೇಕಾದರೆ ಈ ಮೀಟರ್ ಹೇಗೆ ಓಡುತ್ತದೆ ಅಂತ ಸ್ವಲ್ಪ ನೋಡಬೇಕು. ಮುಂದಿನ ಚಕ್ರದ ಬ್ರೇಕ್ ಪ್ಲೇಟ್ ಒಳಗೆ ಒಂದು ಗೇರ್ ಇದೆ. ಚಕ್ರದ ನಡುಭಾಗವಾದ ಹಬ್ ತಿರುಗಿದಾಗ ಎರಡು ಕಿವಿಗಳ ಒಂದು ತಗಡು ಆ ಗೇರನ್ನು ಜೊತೆಗೆ ತಿರುಗಿಸುತ್ತದೆ. ಗೇರ್ ಒಂದು ಸಣ್ಣ ವರ್ಮನ್ನು, ಅಂದರೆ ಸ್ಕ್ರೂ ಹಾಗೆ ಸುತ್ತು ಇರುವ ಕಡ್ಡಿಯನ್ನು, ತಿರುಗಿಸುತ್ತದೆ. ವರ್ಮ್ ತುದಿಯಲ್ಲಿ ಕೇಬಲ್ ಇನ್ನರ್ ಕೂತಿರುತ್ತದೆ. ಇನ್ನರ್ ಅಂದರೆ ಸಣ್ಣ ಉಕ್ಕಿನ ತಂತಿಗಳನ್ನು ಪದರ ಪದರವಾಗಿ, ಒಂದು ಪದರ ಬಲಕ್ಕೆ ಇನ್ನೊಂದು ಎಡಕ್ಕೆ ಸುತ್ತಿದ ಸರಳು. ಬಾಗುತ್ತದೆ, ತಿರುಗುವ ಬಲವನ್ನೂ ದಾಟಿಸುತ್ತದೆ. ಅದರ ತುದಿ ಚೌಕ. ಮೇಲೆ ಮೀಟರ್‌ನ ಸ್ಪಿಂಡಲ್‌ನ, ಅಂದರೆ ಒಳಗೆ ತಿರುಗುವ ಕಡ್ಡಿಯ, ಚೌಕ ತೂತಿಗೆ ಅದು ಕೂರುತ್ತದೆ.

ಸ್ಪಿಂಡಲ್ ತಲೆಯಲ್ಲಿ ಒಂದು ಅಯಸ್ಕಾಂತ. ಅದರ ಪಕ್ಕಕ್ಕೆ, ಮುಟ್ಟದ ಹಾಗೆ, ಅಲ್ಯೂಮಿನಿಯಂನ ಒಂದು ಬಟ್ಟಲು. ಮುಳ್ಳು ಆ ಬಟ್ಟಲಿಗೆ ಅಂಟಿದೆ. ಅಯಸ್ಕಾಂತಕ್ಕೆ ಅಲ್ಯೂಮಿನಿಯಂ ಅಂಟುವುದಿಲ್ಲ, ಅಲ್ವಾ? ಆದರೆ ಅಯಸ್ಕಾಂತ ತಿರುಗಿದರೆ ಬಟ್ಟಲಿನೊಳಗೆ ಕರೆಂಟ್ ಹುಟ್ಟುತ್ತದೆ. ಆ ಕರೆಂಟೇ ಬಟ್ಟಲನ್ನು ಜೊತೆಗೆ ಎಳೆಯುತ್ತದೆ. ಕೂದಲಿನಷ್ಟು ತೆಳ್ಳಗಿನ ಒಂದು ಸ್ಪ್ರಿಂಗ್ ಅದನ್ನು ಹಿಂದಕ್ಕೆ ಹಿಡಿಯುತ್ತದೆ. ಎರಡೂ ಸಮ ಆದ ಕಡೆ ಮುಳ್ಳು ನಿಲ್ಲುತ್ತದೆ. ಜರ್ಮನಿಯ ಓಟ್ಟೋ ಶುಲ್ಜ಼ೆ 1902ರಲ್ಲಿ ಪೇಟೆಂಟ್ ಪಡೆದ ಉಪಾಯ ಇದು. ನೂರು ವರ್ಷ ದಾಟಿದರೂ ನಮ್ಮ ರಸ್ತೆಯ ಲಕ್ಷಾಂತರ ಬೈಕುಗಳಲ್ಲಿ ಇನ್ನೂ ಓಡುತ್ತಿದೆ. ನೆನೆಸಿಕೊಂಡಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಅದೇ ಸ್ಪಿಂಡಲ್ ಪಕ್ಕದ ಸಣ್ಣ ಗೇರ್‌ಗಳಿಂದ ಕಿಲೋಮೀಟರ್ ಅಂಕಿಗಳನ್ನೂ ತಿರುಗಿಸುತ್ತದೆ. ಆದ್ದರಿಂದಲೇ ಮೊದಲು ಕೇಳಬೇಕಾದ ಪ್ರಶ್ನೆ: ಮುಳ್ಳು ನಿಂತಿದೆಯೋ, ಅಂಕಿ ನಿಂತಿದೆಯೋ, ಎರಡೂ ನಿಂತಿವೆಯೋ? ಅಂಕಿ ಓಡುತ್ತಿದ್ದು ಮುಳ್ಳು ಮಾತ್ರ ಸತ್ತಿದ್ದರೆ ತೊಂದರೆ ಮೀಟರ್ ಒಳಗೆ. ಮುಳ್ಳು ಸರಿಯಿದ್ದು ಅಂಕಿ ನಿಂತಿದ್ದರೆ ಒಳಗಿನ ಪ್ಲಾಸ್ಟಿಕ್ ಗೇರ್ ಹಲ್ಲು ಹೋಗಿರುತ್ತದೆ. ಎರಡೂ ಒಟ್ಟಿಗೆ ನಿಂತಿದ್ದರೆ ಸಾಮಾನ್ಯವಾಗಿ ಮೀಟರ್‌ವರೆಗೆ ತಿರುಗುವಿಕೆ ಬಂದೇ ಇಲ್ಲ ಅಂತ ಅರ್ಥ. ಭಾವನ ಡೈರಿಯಲ್ಲಿ ಅಂಕಿಯೂ ನಿಂತಿತ್ತಲ್ಲ. ಮೊದಲ ಮೆಕ್ಯಾನಿಕ್ ಅದನ್ನೊಂದು ಕೇಳಿದ್ದರೆ ಫುಲ್ ಸೆಟ್ ಮಾತು ಬರುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಭಾವನ ಮನೆ ಮುಂದೆ ಹೊಂಗೆ ಮರದ ಕೆಳಗೆ ಬೈಕ್ ಡಬಲ್ ಸ್ಟ್ಯಾಂಡ್ ಹಾಕಿದೆವು. ಅಕ್ಕನ ಮಗ ಹಿಂದೆ ಕ್ಯಾರಿಯರ್ ಮೇಲೆ ಕೂತ. ಮುಂದಿನ ಚಕ್ರ ನೆಲ ಬಿಟ್ಟಿತು. ಮೀಟರ್ ಕೆಳಗಿನ ನಟ್ ಕೈಯಲ್ಲೇ ಬಿಚ್ಚಿ ಇನ್ನರ್ ಎಳೆದೆ. ಮೇಲಿನ ಉದ್ದ ತುಂಡು ಬಂತು. ಕೆಳಗಿನ ತುಂಡು ಬ್ರೇಕ್ ಪ್ಲೇಟ್ ಕಡೆಯಿಂದ ಬಂತು. ಮುರಿದಿದ್ದು ಹಬ್‌ನಿಂದ ಒಂದು ಗೇಣು ಮೇಲೆ. ತಂತಿಗಳು ಬಿಚ್ಚಿ ಪೊರಕೆ ಕಡ್ಡಿ ಹಾಗೆ ಹರಡಿದ್ದವು. ನೇರ ಎಳೆದು ತುಂಡಾದ ತಂತಿ ಹಾಗೆ ಹರಡುವುದಿಲ್ಲ. ಇದು ತಿರುಚಿ ತಿರುಚಿ ಮುರಿದದ್ದು.

ಇಲ್ಲಿ ಸ್ವಲ್ಪ ಹೊತ್ತು ಸುಮ್ನೆ ಕೂತು ಯೋಚಿಸಿದೆ. ಕೇಬಲನ್ನು ತಿರುಗಿಸುವುದು ಕೆಳಗಿನ ಗೇರ್. ತಿರುಗಬೇಕಾದ್ದು ಮೇಲಿನ ಸ್ಪಿಂಡಲ್. ಹಬ್‌ನ ಗೇರ್ ಕಚ್ಚಿಕೊಂಡರೆ ತಗಡಿನ ಕಿವಿ ಮುರಿಯಬೇಕು, ಇಲ್ಲವೇ ಗೇರ್ ಹಲ್ಲು ಹೋಗಬೇಕು. ಕೇಬಲ್‌ಗೆ ಆಗ ಭಾರವೇ ಬೀಳುವುದಿಲ್ಲ. ಕೇಬಲ್ ತಿರುಚಿ ಮುರಿದಿದೆ ಅಂದರೆ ಕೆಳಗಿನದು ತಿರುಗಿಸುತ್ತಿದೆ, ಮುರಿದ ಜಾಗಕ್ಕಿಂತ ಮೇಲೆ ಯಾವುದೋ ತಡೆಯುತ್ತಿದೆ. ತಡೆ ಮೀಟರ್‌ನಲ್ಲಿರಬಹುದು, ಇಲ್ಲವೇ ಕೇಬಲ್ ಹಾದುಹೋಗುವ ದಾರಿಯಲ್ಲಿರಬಹುದು.

ಭಾವ ಮಾತ್ರ ಚಕ್ರದ ಮೇಲೆ ಅನುಮಾನ ಬಿಡಲಿಲ್ಲ. "ಜುಲೈನಲ್ಲಿ ಮುಂದಿನ ಟೈರ್ ಬದಲಾಯಿಸಿದ್ದೀನಿ ಕಣೋ, ಅಲ್ಲೇ ಏನಾದ್ರೂ ಎಡವಟ್ಟಾಗಿರತ್ತೆ" ಅಂದರು. ಅದು ಒಳ್ಳೆಯ ಅನುಮಾನವೇ. ಚಕ್ರ ಕಳಚಿ ಕೂರಿಸುವಾಗ ಆ ಎರಡು ಕಿವಿಗಳು ಹಬ್‌ನ ಕಚ್ಚಿನಲ್ಲಿ ಸರಿಯಾಗಿ ಕೂರದೆ, ಆಕ್ಸಲ್ ನಟ್ ಬಿಗಿಯುವಾಗ ಜಜ್ಜಿಹೋಗುವುದುಂಟು. ಪಂಕ್ಚರ್ ಹಾಕಿಸಿದ ಮಾರನೇ ದಿನ ಮೀಟರ್ ನಿಂತರೆ ಮೊದಲು ನೋಡಬೇಕಾದ್ದು ಅದನ್ನೇ. ನೋಡಿಬಿಡೋಣ ಅಂತ ಕೇಬಲ್ ತುದಿಯ ಕೆಳ ತುಂಡನ್ನು ವರ್ಮ್‌ಗೆ ಕೂರಿಸಿ ಚಕ್ರ ಕೈಯಲ್ಲಿ ತಿರುಗಿಸಿದೆ. ತುಂಡು ನಯವಾಗಿ ತಿರುಗಿತು. ಬೆರಳಲ್ಲಿ ಹಿಡಿದರೆ ಬೆರಳನ್ನೇ ಎಳೆಯಿತು. ಹಬ್ ಸರಿಯಾಗಿದೆ. ಚಕ್ರ ಬಿಚ್ಚುವ ಅಗತ್ಯವೇ ಬೀಳಲಿಲ್ಲ.

ಇನ್ನು ಮೀಟರ್. ಇದಕ್ಕೆ ಮುರಿದ ಕೇಬಲ್‌ಗಿಂತ ಒಳ್ಳೆಯ ಟೂಲ್ ಇಲ್ಲ. ಮೇಲಿನ ತುಂಡಿನ ಚೌಕ ತುದಿಯನ್ನು ನಾಲ್ಕು ಬೆರಳು ಉದ್ದಕ್ಕೆ ಕತ್ತರಿಸಿ ಸ್ಪಿಂಡಲ್ ತೂತಿಗೆ ಕೀಲಿ ಹಾಕಿದ ಹಾಗೆ ಹಾಕಿದೆ. ಎರಡು ಬೆರಳಲ್ಲಿ ತಿರುಗಿಸಿದೆ. ಒಳ್ಳೆಯ ಮೀಟರ್ ಆದರೆ ಸ್ಪಿಂಡಲ್ ಭಾರವೇ ಇಲ್ಲದ ಹಾಗೆ ತಿರುಗಬೇಕು. ಚಟಕ್ಕನೆ ತಿರುಗಿಸಿದರೆ ಮುಳ್ಳು ಒಂದು ಸಲ ಜಿಗಿಯಬೇಕು. ಇದು ಬೆಲ್ಲದ ಪಾಕದಲ್ಲಿ ಚಮಚ ತಿರುಗಿಸಿದ ಹಾಗಿತ್ತು. ಭಾವನ ಕೈಗೂ ಕೊಟ್ಟೆ. ಅವರೂ ತಿರುಗಿಸಿ ಸುಮ್ಮನಾದರು. ಸ್ವಲ್ಪ ಹೊತ್ತಿನ ಮೇಲೆ, "ಬೆಳಿಗ್ಗೆ ಹೊತ್ತು ಗಾಡಿ ನಿಲ್ಲಿಸಿದ್ರೂ ಮುಳ್ಳು ಇಪ್ಪತ್ತರಲ್ಲೇ ನಿಂತಿರ್ತಿತ್ತು. ನಿಧಾನಕ್ಕೆ ಇಳೀತಿತ್ತು" ಅಂದರು. ಎಷ್ಟು ದಿನದಿಂದ ಅಂತ ಕೇಳಿದೆ. ಜೂನ್‌ನಿಂದಲೇ ಇರಬೇಕು ಅಂದರು.

ಡೈರಿ ತರಿಸಿದೆ. ಏಪ್ರಿಲ್‌ನಲ್ಲಿ, 39,012ಕ್ಕೆ, ಸರ್ವಿಸ್ ಮಾಡಿಸಿದ ಸಾಲು ಇತ್ತು. ಆಯಿಲ್, ಏರ್ ಫಿಲ್ಟರ್, ಚೈನ್. ಕೊನೆಯಲ್ಲಿ ಭಾವನ ಸಣ್ಣ ಅಕ್ಷರ: "ಮೀಟರ್ ಕೇಬಲ್ ಕಿರ್ರ್ ಅನ್ನುತ್ತಿತ್ತು, ಗ್ರೀಸ್ ತುಂಬಿಸಿದೆ, 30 ರೂ."

ನನ್ನ ಮಟ್ಟಿಗೆ ಪ್ರಕರಣ ಬಿಚ್ಚಿಕೊಂಡಿದ್ದು ಆ ಒಂದು ಸಾಲಿನಲ್ಲಿ. ಕೇಬಲ್‌ಗೆ ಗ್ರೀಸ್ ಬೇಕು, ನಿಜ. ಆದರೆ ಮೇಲಿನ ತುದಿವರೆಗೆ ತುಂಬಬಾರದು. ಇನ್ನರ್‌ನ ಹೊರ ಪದರ ಸ್ಕ್ರೂ ಸುತ್ತಿನ ಹಾಗಿರುತ್ತದೆ. ಅದು ತಿರುಗುತ್ತಾ ತಿರುಗುತ್ತಾ ಗ್ರೀಸನ್ನು ಮೇಲಕ್ಕೆ ಹತ್ತಿಸುತ್ತದೆ. ಹತ್ತಿದ ಗ್ರೀಸ್ ಸ್ಪಿಂಡಲ್ ಕೂತು ತಿರುಗುವ ಬುಷ್‌ಗೆ ಸೇರುತ್ತದೆ, ಅಲ್ಲಿಂದ ಅಯಸ್ಕಾಂತ ಮತ್ತು ಬಟ್ಟಲಿನ ನಡುವೆಯೂ ಹೋಗುತ್ತದೆ. ಮುಟ್ಟಬಾರದ ಎರಡನ್ನು ಅಂಟಿಸುತ್ತದೆ. ಬೆಳಗಿನ ತಣ್ಣಗೆ ಗ್ರೀಸ್ ಗಟ್ಟಿಯಾಗುತ್ತದೆ, ಮುಳ್ಳು ಇಳಿಯುವುದಿಲ್ಲ. ಪೀಣ್ಯದ ಧೂಳು ಸೇರಿದರೆ ಕೆಲವೇ ತಿಂಗಳಲ್ಲಿ ಅದು ಗೋಂದು. ಕಿರ್ರ್ ಅನ್ನುತ್ತಿದ್ದ ಕೇಬಲ್‌ಗೆ ಒಳ್ಳೆಯದಾಗಲಿ ಅಂತ ಮಾಡಿದ ಕೆಲಸವೇ ಮೀಟರನ್ನು ಬಿಗಿ ಮಾಡಿತ್ತು. ಮೊದಲೇ ಹಳೆಯದಾಗಿದ್ದ ಕೇಬಲ್ ಆ ಭಾರ ಎಳೆಯಲಾರದೆ ಹೋಯಿತು.

ಆದರೆ ಎರಡನೇ ಕೇಬಲ್ ಹೊಸದು. ಅದು ಹತ್ತೊಂಬತ್ತೇ ದಿನಕ್ಕೆ ಹೋಗಲು ಇದಿಷ್ಟೇ ಸಾಕಾ? ಹ್ಯಾಂಡಲ್ ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ಖಾಲಿ ಔಟರ್, ಅಂದರೆ ಕೇಬಲ್‌ನ ಹೊರ ಕೊಳವೆ, ಕಡೆ ನೋಡುತ್ತಾ ನಿಂತೆ. ಮುಂದಿನ ಫೋರ್ಕ್ ಪಕ್ಕ ಕೇಬಲ್ ಹಾದುಹೋಗಲು ಒಂದು ಕಬ್ಬಿಣದ ಬಳೆ ಇರುತ್ತದೆ. ಹೊಸ ಕೇಬಲ್ ಅದರೊಳಗೆ ಹೋಗಿರಲಿಲ್ಲ, ಹೊರಗೆ ಬಿಟ್ಟಿದ್ದರು. ಹ್ಯಾಂಡಲ್ ಬಲಕ್ಕೆ ತಿರುಗಿದಾಗ ಕೇಬಲ್ ಕೆಳಗೆ ಮೊಣಕೈ ಮಡಚಿದ ಹಾಗೆ ಮಡಚುತ್ತಿತ್ತು. ಮುರಿದ ಜಾಗವೂ ಸರಿಯಾಗಿ ಅದೇ. ಬಿಗಿಯಾದ ಸ್ಪಿಂಡಲ್ ಜೊತೆಗೆ ಚೂಪಾದ ಮಡಿಕೆಯೂ ಸೇರಿತ್ತು. ಹೊಸ ಕೇಬಲ್ ಎಷ್ಟು ದಿನ ತಡೆದೀತು?

ಮೊದಲ ಮೆಕ್ಯಾನಿಕ್ ಬೆರಳು ತೋರಿಸಿದ್ದು ಮೀಟರ್ ಕಡೆಗೆ. ಬೇನೆ ಅಲ್ಲೇ ಇತ್ತು, ಆದರೆ ಬದಲಿಸುವಂಥ ಬೇನೆ ಆಗಿರಲಿಲ್ಲ. ಎರಡನೆಯವರು ಮುರಿದ ಸಾಮಾನು ಸರಿಯಾಗಿ ಹಿಡಿದರು, ಅದನ್ನು ಮುರಿದದ್ದು ಏನು ಅಂತ ನೋಡಲಿಲ್ಲ. ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ಸಾಲಾಗಿ ಗಾಡಿ ನಿಂತಿರುವಾಗ ಹತ್ತು ನಿಮಿಷದ ಕೆಲಸಕ್ಕೆ ಒಂದು ಗಂಟೆ ಕೊಡುವುದು ಕಷ್ಟ. ಆ ಗಂಟೆ ನಮ್ಮ ಹತ್ತಿರ ಇತ್ತು.

ಮೀಟರ್ ಬಿಚ್ಚುವ ಕೆಲಸಕ್ಕೆ ಅವಸರ ಪಡಬಾರದು. ಹೆಡ್‌ಲೈಟ್ ಸುತ್ತಲಿನ ಡೂಮ್ ಇಳಿಸಿ, ಬಲ್ಬ್ ಹೋಲ್ಡರ್‌ಗಳನ್ನು ಎಳೆದು, ಯಾವ ವೈರ್ ಎಲ್ಲಿತ್ತು ಅಂತ ಫೋನಲ್ಲಿ ಫೋಟೋ ತೆಗೆದುಕೊಂಡೆ. ಈ ಮೀಟರ್‌ನ ಹಿಂದಿನ ಕವಚ ಸ್ಕ್ರೂಗಳಲ್ಲಿ ನಿಂತಿತ್ತು, ಅದು ನಮ್ಮ ಪುಣ್ಯ. ಕೆಲವು ಮೀಟರ್‌ಗಳ ಅಂಚನ್ನು ಸುತ್ತಲೂ ಮಡಚಿ ಮುಚ್ಚಿರುತ್ತಾರೆ. ಅಂಥದ್ದನ್ನು ಮನೆಯಲ್ಲಿ ತೆರೆಯದೆ ಮೀಟರ್ ರಿಪೇರಿ ಮಾಡುವವರಿಗೆ ಕೊಡುವುದೇ ಒಳ್ಳೆಯದು. ಮುಳ್ಳನ್ನು ಕೀಳಲಿಲ್ಲ, ಕೂದಲು ಸ್ಪ್ರಿಂಗ್ ಹತ್ತಿರ ಕೈ ಹಾಕಲಿಲ್ಲ. ಆ ಸ್ಪ್ರಿಂಗ್ ಒಂದು ಚೂರು ಬಾಗಿದರೂ ಮೀಟರ್ ಆಮೇಲೆ ತೋರಿಸುವುದೆಲ್ಲ ಸುಳ್ಳು.

ಸ್ಪಿಂಡಲ್ ಸುತ್ತ ಕಂದು ಬಣ್ಣದ ಗೋಂದು ಮೆತ್ತಿತ್ತು. ಅಯಸ್ಕಾಂತದ ಅಂಚಿಗೂ ಹತ್ತಿತ್ತು. ಹಲ್ಲುಕಡ್ಡಿಗೆ ಹತ್ತಿ ಸುತ್ತಿ, ಪೆಟ್ರೋಲ್‌ಗೆ ಅದ್ದಿ, ಹಿಂಡಿ, ಒರೆಸಿದೆ. ತೂತು ಕೆಳಗೆ ಬರುವ ಹಾಗೆ ಮೀಟರ್ ಹಿಡಿದಿದ್ದೆ, ಕರಗಿದ್ದು ಒಳಗೆ ಇಳಿಯದೆ ಹೊರಗೆ ಬರಲಿ ಅಂತ. ಪೆಟ್ರೋಲ್ ಕೆಲಸ ಬಯಲಲ್ಲೇ ಮಾಡಬೇಕು, ಹತ್ತಿರ ಬೀಡಿ ಸಿಗರೇಟ್ ಬೇಡ. ಮುಂದಿನ ಪಾರದರ್ಶಕ ಪ್ಲಾಸ್ಟಿಕ್‌ಗೆ ಅದು ತಾಗಬಾರದು, ಮಸುಕಾಗುತ್ತದೆ. ಹನ್ನೆರಡು ಕಡ್ಡಿ ಖರ್ಚಾದವು. ಕೊನೆಯ ಹತ್ತಿ ಬೆಳ್ಳಗೆ ಬಂದಾಗ ಒಂದು ತಾಸು ಒಣಗಲು ಬಿಟ್ಟೆ. ಅಕ್ಕನ ಹೊಲಿಗೆ ಮಷಿನ್ ಎಣ್ಣೆಯನ್ನು ಸೂಜಿ ತುದಿಯಿಂದ ಬುಷ್‌ಗೆ ಒಂದೇ ಹನಿ ಬಿಟ್ಟೆ. ಎರಡನೇ ಹನಿ ಬೇಡ. ಜಾಸ್ತಿಯಾದ ಎಣ್ಣೆಯಿಂದಲೇ ಅಲ್ವಾ ಇಲ್ಲಿವರೆಗೆ ಬಂದಿದ್ದು.

ಈಗ ಬೆರಳಲ್ಲಿ ತಿರುಗಿಸಿದರೆ ಸ್ಪಿಂಡಲ್ ತಾನೇ ಓಡಿತು. ಮುಳ್ಳು ಜಿಗಿದು ತಟ್ಟನೆ ಸೊನ್ನೆಗೆ ಬಿತ್ತು. ಕೇಬಲ್ ತುಂಡನ್ನು ಡ್ರಿಲ್ಲಿಂಗ್ ಮಷಿನ್‌ಗೆ ಕಚ್ಚಿಸಿ ನಿಧಾನ ವೇಗದಲ್ಲಿ ಒಂದು ಸಲ ನೋಡೋಣ ಅಂದೆ. ತಿರುಗುವ ದಿಕ್ಕು ಸರಿಯಿದ್ದರೆ ಮುಳ್ಳು ಏರುತ್ತದೆ, ತಪ್ಪಿದರೆ ಸೊನ್ನೆಯ ತಡೆಗೇ ಒತ್ತುತ್ತದೆ. ಭಾವ ಅಡ್ಡ ಬಂದರು. "ಓಡದೇ ಇರೋ ಕಿಲೋಮೀಟರ್ ಮೀಟರ್‌ಗೆ ಹತ್ತತ್ತೆ, ಬೇಡ." ಅವರ ಮಾತು ನಿಜ. ಜಪಾನಿ ವಿನ್ಯಾಸದ ಹಲವು ಬೈಕುಗಳಲ್ಲಿ ಕೇಬಲ್ 1400 ಸುತ್ತು ತಿರುಗಿದರೆ ಅಂಕಿ ಒಂದು ಕಿಲೋಮೀಟರ್ ಮುಂದೆ ಹೋಗುತ್ತದೆ. ಹತ್ತು ಸೆಕೆಂಡ್ ಮಾತ್ರ ಅಂತ ಒಪ್ಪಿಸಿದೆ. ಮುಳ್ಳು ಕುಣಿಯದೆ ಏರಿತು, ನಿಂತಿತು. ಅಷ್ಟಕ್ಕೇ ನಿಲ್ಲಿಸಿದೆ.

ಹೊಸ ಕೇಬಲ್ ಸೋಮವಾರ ಸಂಜೆ ಜೆ.ಸಿ. ರಸ್ತೆಯಿಂದ ತಂದೆ. ಹಳೆಯದನ್ನು ಜೊತೆಗೆ ಒಯ್ದಿದ್ದೆ. ಅಂಗಡಿಯ ಕೌಂಟರ್ ಮೇಲೆ ಎರಡನ್ನೂ ಪಕ್ಕ ಪಕ್ಕ ಇಟ್ಟು ಔಟರ್ ಉದ್ದ, ನಟ್, ಚೌಕ ತುದಿ ಹೊರಗೆ ಎಷ್ಟು ಇಣುಕುತ್ತದೆ ಎಲ್ಲ ಹೋಲಿಸಿದೆ. ಇನ್ನರ್ ಸ್ವಲ್ಪ ಉದ್ದ ಇದ್ದರೂ ಸ್ಪಿಂಡಲನ್ನು ಮೇಲಕ್ಕೆ ಒತ್ತಿ ಬಿಗಿ ಮಾಡುತ್ತದೆ. ಗಿಡ್ಡ ಇದ್ದರೆ ಚೌಕ ಕೂರುವುದೇ ಇಲ್ಲ. ಮಾಡೆಲ್ ಹೆಸರು ಹೇಳಿ ಕೊಟ್ಟದ್ದನ್ನು ಹಾಗೇ ತರುವುದಕ್ಕಿಂತ ಇದು ಗಟ್ಟಿ ದಾರಿ. ಮನೆಯಲ್ಲಿ ಇನ್ನರ್ ಪೂರ್ತಿ ಹೊರಗೆ ಎಳೆದು, ಕೆಳಗಿನ ಭಾಗಕ್ಕೆ ತೆಳ್ಳಗೆ ಗ್ರೀಸ್ ಸವರಿ, ಮೇಲಿನ ಒಂದು ಗೇಣು ಒಣಗಿದ್ದ ಹಾಗೇ ಬಿಟ್ಟೆ. ಹಬ್ ಕಡೆ ಗ್ರೀಸ್ ಮುಟ್ಟಿಸುವವರಿಗೆ ಒಂದು ಮಾತು: ಡ್ರಮ್ ಬ್ರೇಕ್ ಗಾಡಿಯಲ್ಲಿ ಅದು ಬ್ರೇಕ್ ಶೂಗೆ ತಾಗಿದರೆ ಮುಂದಿನ ಬ್ರೇಕ್ ಹಿಡಿಯುವುದಿಲ್ಲ. ಮೀಟರ್ ನಿಂತರೆ ಬದುಕಬಹುದು, ಬ್ರೇಕ್ ನಿಂತರೆ ಆಗುವುದಿಲ್ಲ.

ಈ ಸಲ ಕೇಬಲನ್ನು ಬಳೆಯೊಳಗೆ ತೂರಿಸಿದೆ. ಕೆಳಗೆ ಕೂರಿಸಿ, ಮೇಲಿನ ಚೌಕ ತೂತಿಗೆ ಸೇರುವವರೆಗೆ ಚಕ್ರ ಮೆಲ್ಲಗೆ ತಿರುಗಿಸಿ, ಆಮೇಲೆ ನಟ್ ಬಿಗಿದೆ. ಹ್ಯಾಂಡಲ್ ಎರಡೂ ಕಡೆ ತಿರುಗಿಸಿ ನೋಡಿದೆ. ಕೇಬಲ್ ದೊಡ್ಡ ಬಿಲ್ಲಿನ ಹಾಗೆ ಬಾಗಿತು, ಎಲ್ಲೂ ಮಡಚಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಆರಕ್ಕೆ ಮಾಗಡಿ ರಸ್ತೆಯಲ್ಲಿ ತಾವರೆಕೆರೆ ಕಡೆ ಹೊರಟೆವು. ಭಾವ ಓಡಿಸಿದರು. ನಾನು ಹಿಂದೆ ಕೂತು ಫೋನಿನ ಜಿಪಿಎಸ್ ವೇಗ ನೋಡುತ್ತಾ ಹೇಳುತ್ತಿದ್ದೆ. ಮುಳ್ಳು 40ರಲ್ಲಿದ್ದಾಗ ಫೋನ್ 37 ತೋರಿಸಿತು. 50ರಲ್ಲಿದ್ದಾಗ 46. ಭಾವನಿಗೆ ಗಾಬರಿ. ಇದು ದೋಷವಲ್ಲ. ಮೀಟರ್ ನಿಜ ವೇಗಕ್ಕಿಂತ ಕಡಿಮೆ ತೋರಿಸಬಾರದು ಅಂತ ವಿಶ್ವಸಂಸ್ಥೆಯ 39ನೇ ವಾಹನ ನಿಯಮ ಹೇಳುತ್ತದೆ. ಸ್ವಲ್ಪ ಜಾಸ್ತಿ ತೋರಿಸುವುದಕ್ಕೆ ಅವಕಾಶವಿದೆ, ತಯಾರಿಸುವವರು ಆ ಕಡೆಗೇ ವಾಲಿಸುತ್ತಾರೆ. ಕಡಿಮೆ ತೋರಿಸಿದ್ದರೆ ನಾನು ಗಾಬರಿ ಆಗುತ್ತಿದ್ದೆ. ನನಗೆ ಬೇಕಿದ್ದದ್ದು ತಣ್ಣಗಿನ ಬೆಳಗಿನಲ್ಲಿ ಗಾಡಿ ನಿಂತಾಗ ಮುಳ್ಳು ಕೂಡಲೇ ಇಳಿಯುತ್ತದೆಯೇ ಅನ್ನುವುದು. ತಾವರೆಕೆರೆಯಲ್ಲಿ ಕಾಫಿಗೆ ನಿಲ್ಲಿಸಿದಾಗ ಅದು ಗಾಡಿ ಜೊತೆಗೇ ಸೊನ್ನೆಗೆ ಬಂತು.

ಅದೇ ಕೇಬಲ್ ಇಂದಿಗೂ ಇದೆ, ಅಂಕಿ 48,000 ದಾಟಿದೆ. ಡಿಜಿಟಲ್ ಮೀಟರ್ ಇರುವ ಗಾಡಿಗಳಿಗೆ ಈ ದಾರಿ ಹೊಂದುವುದಿಲ್ಲ. ಅಲ್ಲಿ ಕೇಬಲ್ ಬದಲು ಸೆನ್ಸರ್ ಮತ್ತು ವೈರ್ ಇರುತ್ತವೆ, ಮೊದಲು ನೋಡಬೇಕಾದ್ದು ನೀರು ಹೊಕ್ಕ ಕನೆಕ್ಟರ್.

ಕಾಫಿ ಮುಗಿದ ಮೇಲೆ ಭಾವ ಡೈರಿ ತೆಗೆದರು. ಮೀಟರ್ ನಿಂತಿದ್ದ ದಿನಗಳ ಕಿಲೋಮೀಟರ್ ಎಲ್ಲಿ ಹೋಯಿತು ಅನ್ನುವುದು ಅವರನ್ನು ಕಾಡುತ್ತಿತ್ತು. ಕೂತು ಲೆಕ್ಕ ಹಾಕಿದೆವು. ಪ್ರತಿ ಸಲ 4 ಲೀಟರ್ ಹಾಕಿಸುತ್ತಾರೆ, ಲೀಟರ್‌ಗೆ ಸುಮಾರು 58 ಕೊಡುತ್ತದೆ. 41,386 ಅಂತ ಬರೆದ ಮೂರು ಸಾಲಿನಲ್ಲಿ ಮೊದಲನೆಯದು ಸರಿ, ಅದರ ಹಿಂದಿನ ಸಾಲು 41,152 ಇತ್ತು. ಉಳಿದ ಎರಡಕ್ಕೆ 464. ಕೇಬಲ್ ಹಾಕಿಸುವವರೆಗಿನ ನಾಲ್ಕು ದಿನಕ್ಕೆ ಇನ್ನೊಂದು ನೂರು. ಎರಡನೇ ಸಲ ನಿಂತ ವಾರಕ್ಕೆ ನೂರೈವತ್ತು. ಒಟ್ಟು 700ಕ್ಕೆ ಸ್ವಲ್ಪ ಮೇಲೆ.

ಭಾವ ಪುಟ ಹಿಂದಕ್ಕೆ ತಿರುಗಿಸಿದರು. ಆಯಿಲ್ ಬದಲಿಸಿದ್ದು 39,012ಕ್ಕೆ. ಅವರು ಮೂರು ಸಾವಿರಕ್ಕೊಮ್ಮೆ ಬದಲಿಸುತ್ತಾರೆ. ಮೀಟರ್ ಪ್ರಕಾರ ಈಗಷ್ಟೇ ಹೊತ್ತು ಬರುತ್ತಿತ್ತು. ಗಾಡಿ ಪ್ರಕಾರ ಐನೂರು ಕಿಲೋಮೀಟರ್‌ಗೂ ಜಾಸ್ತಿ ಹಿಂದೆಯೇ ದಾಟಿತ್ತು. ವಾಪಸ್ ಬರುವಾಗ ಸುಂಕದಕಟ್ಟೆಯಲ್ಲಿ ಒಂದು ಲೀಟರ್ ಆಯಿಲ್ ತಗೊಂಡು ಮನೆಗೆ ಬಂದು ಬದಲಿಸಿದೆವು. ಹಳೇ ಆಯಿಲ್ ಡಬ್ಬಕ್ಕೆ ಇಳಿಯುತ್ತಿರುವಾಗ ಭಾವ ಮೆಟ್ಟಿಲ ಮೇಲೆ ಕೂತು ಆ ದಿನದ ಸಾಲು ಬರೆದರು. ಅಂಕಿಯ ಪಕ್ಕದಲ್ಲಿ ಕೆಂಪು ಪೆನ್ನಿನಿಂದ "+ 714" ಅಂತ ಹಾಕಿ, ಸುತ್ತ ಒಂದು ಗೆರೆ ಎಳೆದರು.